ಅಂಕ ಬಂದಿತ್ತು, ಕಾಗದ ಬಂದಿರಲಿಲ್ಲ: ತಂಗಿಯನ್ನು ಪಾಲಿಟೆಕ್ನಿಕ್ ಸೇರಿಸಿದ ಕಥೆ

ಹೋದ ಭಾನುವಾರ ತಂಗಿ ಊರಿಗೆ ಬಂದಿದ್ದಳು. ಡಿಪ್ಲೊಮಾ ಮೊದಲ ಸೆಮಿಸ್ಟರ್ ಪರೀಕ್ಷೆ ಮುಗಿದಿತ್ತು, ಜೊತೆಗೆ ಒಂದು ಚೀಲ ಮಾಸಿದ ಬಟ್ಟೆ. ಬಟ್ಟೆಯ ನಡುವೆ ವರ್ಕ್‌ಶಾಪಿನ ಖಾಕಿ ಅಂಗಿ. ಅವ್ವ ಅದನ್ನು ಎತ್ತಿ ಹಿಡಿದು, "ಇದು ಲೈನ್‌ಮನ್ ಅಂಗಿ ಇದ್ದಂಗ ಐತಲ್ಲ" ಎಂದು ನಕ್ಕಳು. ನಾನು ಒಳಗೆ ಹೋಗಿ ಟ್ರಂಕಿನಿಂದ ಕೆಂಪು ಪ್ಲಾಸ್ಟಿಕ್ ಫೈಲ್ ತೆಗೆದೆ. 2024ರ ನವೆಂಬರಿನಲ್ಲಿ ಅದರಲ್ಲಿ ಇದ್ದದ್ದು ಒಂದು ಆಧಾರ್ ಜೆರಾಕ್ಸ್ ಮಾತ್ರ. ಈಗ ಗುಂಡಿ ಹಾಕಲು ಬರುವುದಿಲ್ಲ, ಅಷ್ಟು ಉಬ್ಬಿದೆ.

ನಾನು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಬರುವ ಹೆಂಗಸರು, "ನಿನ್ನ ತಂಗಿ ಡಿಪ್ಲೊಮಾ ಓದ್ತಾಳಂತಲ್ಲ, ಹೆಂಗ ಹಾಕಿದ್ರಿ?" ಎಂದು ಕೇಳುತ್ತಾರೆ. ಸೀರೆ ಮಡಚುತ್ತಾ ಹೇಳಿ ಮುಗಿಸುವ ಕಥೆಯಲ್ಲ ಅದು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಮನೆಯ ವಿಷಯ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ಕಡೆಯ ಒಂದು ಹಳ್ಳಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವ್ವ ಭತ್ತದ ನಾಟಿ, ಕಳೆ, ಕೊಯ್ಲು ಎಂದು ಕೂಲಿಗೆ ಹೋಗುತ್ತಾಳೆ. ನಾನು ಪಿಯುಸಿ ಮುಗಿಸಿ ನಿಂತವಳು. ಸಂಬಳ ತಿಂಗಳಿಗೆ 9,500. ಒಂದು ದಿನ ಹೋಗದಿದ್ದರೆ 300 ಕಡಿತ. ಈ 300 ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ನನಗೂ ಅಂಕ ಚೆನ್ನಾಗಿಯೇ ಬಂದಿದ್ದವು. ಆದರೆ ಹತ್ತನೇ ಕ್ಲಾಸಿನ ಮೇಲೆ ಪಿಯುಸಿ ಬಿಟ್ಟು ಬೇರೆ ದಾರಿ ಇದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಲಾ ವಿಭಾಗಕ್ಕೆ ಸೇರಿದೆ, ಯಾಕೆಂದರೆ ಗೆಳತಿ ಸೇರಿದ್ದಳು. ಅಷ್ಟೇ ಕಾರಣ.

ತಂಗಿಗೆ ಆ ದಾರಿ ತೋರಿಸಿದ್ದು ಅವಳ ಸರ್ಕಾರಿ ಹೈಸ್ಕೂಲಿನ ಗಣಿತದ ಸರ್. ಅವರು ಹತ್ತನೆಯವರನ್ನು ಒಂದು ದಿನ ಸರ್ಕಾರಿ ಐಟಿಐಗೆ ಕರೆದುಕೊಂಡು ಹೋದರು. ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸದು ಮಾಡಿದ್ದಾರಲ್ಲ, ಅಂಥದ್ದೊಂದಕ್ಕೆ. ತಂಗಿ ಮನೆಗೆ ಬಂದು ಚೀಲ ಇಳಿಸುವ ಮೊದಲೇ ಶುರು ಮಾಡಿದಳು. "ಅಕ್ಕಾ, ಅಲ್ಲಿ ಒಂದು ಕಬ್ಬಿಣದ ಕೈ ಐತಿ. ಕಂಪ್ಯೂಟರ್‌ನ್ಯಾಗ ಹೇಳಿದಂಗ ತಿರುಗತೈತಿ." ರಾತ್ರಿ ಉಣ್ಣುವಾಗಲೂ ಅದೇ ಕೈ. ಅಪ್ಪ, "ಆ ಕೈ ಮೂಟಿ ಎತ್ತತೈತೇನು?" ಎಂದ. ಅವನ ಲೆಕ್ಕ ಅವನದು.

ಮರುದಿನ ಸರ್ ಬೋರ್ಡಿನ ಮೇಲೆ ಮೂರು ದಾರಿ ಬರೆದರಂತೆ. ತಂಗಿಯ ನೋಟ್‌ಬುಕ್ಕಿನಲ್ಲಿ ಅದು ಈಗಲೂ ಇದೆ. ಮೊದಲನೆಯದು ಪಿಯುಸಿ ವಿಜ್ಞಾನ, ಎರಡು ವರ್ಷ, ಆಮೇಲೆ ಸಿಇಟಿ. ಎರಡನೆಯದು ಪಾಲಿಟೆಕ್ನಿಕ್ ಡಿಪ್ಲೊಮಾ, ಮೂರು ವರ್ಷ, ಆರು ಸೆಮಿಸ್ಟರ್. ಅದು ಮುಗಿದ ಮೇಲೆ ಡಿಸಿಇಟಿ (ಡಿಪ್ಲೊಮಾ ಮಾಡಿದವರ ಪ್ರವೇಶ ಪರೀಕ್ಷೆ) ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ನೇರ ಸೇರಬಹುದು. ಮೂರನೆಯದು ಐಟಿಐ, ಟ್ರೇಡ್ ನೋಡಿಕೊಂಡು ಒಂದು ಅಥವಾ ಎರಡು ವರ್ಷ. ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಹೋಗಲೂ ದಾರಿ ಇದೆ. ಪಕ್ಕದಲ್ಲಿ ಸಣ್ಣದಾಗಿ ಜಿಟಿಟಿಸಿ ಅಂತ ಬರೆದಿದೆ. ಅಚ್ಚು ಮತ್ತು ಟೂಲ್ ತಯಾರಿ ಕಲಿಸುವ ಸರ್ಕಾರಿ ತರಬೇತಿ ಕೇಂದ್ರ ಅದು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಬೇರೆ ಊರುಗಳಲ್ಲೂ ಇದೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ಕೆಲಸ. ನನಗೆ ಆ ವಯಸ್ಸಿನಲ್ಲಿ ಯಾರಾದರೂ ಈ ಒಂದು ಪುಟ ಬರೆಸಿದ್ದರೆ ಎಂದು ಅನ್ನಿಸಿ ಸ್ವಲ್ಪ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ.

ಸರ್ ಅದೇ ವಾರ ಇನ್ನೊಂದು ಮಾತು ಹೇಳಿದ್ದರು: "ಓದು ನಾ ನೋಡ್ಕೋತೀನಿ, ಕಾಗದ ಮನ್ಯಾಗಿನವರು ನೋಡ್ಕೊಳ್ರಿ. ಈಗಿಂದ ಶುರು ಮಾಡ್ರಿ." ನಾವು ಕೇಳಿಸಿಕೊಂಡೆವು. ಮಾಡಲಿಲ್ಲ. ಭತ್ತದ ಕೊಯ್ಲಿನ ಹೊತ್ತು, ಅಂಗಡಿಯಲ್ಲಿ ಮದುವೆ ಸೀಸನ್. ರಿಸಲ್ಟ್ ಬರಲಿ, ಆಮೇಲೆ ನೋಡೋಣ ಎಂದುಕೊಂಡೆವು. ನಾನು ಮಾಡಿದ ದೊಡ್ಡ ತಪ್ಪು ಅದೇ.

ಎರಡನೇ ತಪ್ಪು ನಾಮಿನಲ್ ರೋಲ್ ಸಮಯದಲ್ಲಿ ಆಯಿತು. ಪರೀಕ್ಷೆಗೆ ಕೆಲವು ತಿಂಗಳು ಮೊದಲು ಶಾಲೆಯಲ್ಲಿ ಒಂದು ಹಾಳೆ ತೋರಿಸುತ್ತಾರೆ. ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನ, ಜಾತಿ. ಸರಿ ಇದೆಯಾ ನೋಡಿ ಸಹಿ ಮಾಡಬೇಕು. ಆ ಹಾಳೆಯಲ್ಲಿ ಅಪ್ಪನ ಹೆಸರು ಹನುಮಂತಪ್ಪ ಎಂದಿತ್ತು, ಒಂದನೇ ಕ್ಲಾಸಿಗೆ ಸೇರಿಸುವಾಗ ಯಾರೋ ಬರೆಸಿದಂತೆ. ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹನುಮಪ್ಪ. ಇಬ್ಬರೂ ಒಬ್ಬನೇ ಅಲ್ವಾ ಎಂದು ತಂಗಿ ಸಹಿ ಹಾಕಿ ಬಂದಳು. ನಾನೂ ಸುಮ್ನಿದ್ದೆ. ಆ "ಂತ" ಒಂದು ಅಕ್ಷರ ಮುಂದೆ ನಮ್ಮನ್ನು ಓಡಾಡಿಸಿತು. ದಯವಿಟ್ಟು ಆ ಹಾಳೆಯನ್ನು ಮಗುವಿನ ಕೈಗೆ ಬಿಡಬೇಡಿ. ಆಧಾರ್ ಹಿಡಿದುಕೊಂಡು ಮನೆಯ ದೊಡ್ಡವರು ಹೋಗಿ ಅಕ್ಷರ ಅಕ್ಷರ ಹೊಂದಿಸಿ ನೋಡಿ. ಆಗ ತಿದ್ದುವುದು ಶಾಲೆಯಲ್ಲೇ ಆಗುತ್ತೆ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸಲು ಪರೀಕ್ಷಾ ಮಂಡಳಿವರೆಗೆ ಹೋಗಬೇಕು.

ಎಸ್ಸೆಸ್ಸೆಲ್ಸಿ ಪರೀಕ್ಷೆ-1 ನಡೆದದ್ದು 2025ರ ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ. ಆ ದಿನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಓದುತ್ತಿದ್ದಳು, ಅವ್ವ ಅವಳ ಜೊತೆ ಎದ್ದು ಸುಮ್ನೆ ಕೂತಿರುತ್ತಿದ್ದಳು. ಕೋಣೆಯಲ್ಲಿ ಕ್ಯಾಮೆರಾ ಇದೆ ಎಂದು ಮೊದಲ ದಿನ ಹೆದರಿದಳು, ಎರಡನೇ ದಿನ ಮರೆತಳು.

ಪರೀಕ್ಷೆ ಮುಗಿದ ಮರುವಾರ ಸರ್ ಮತ್ತೆ ಕೇಳಿದರು, "ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಆಯ್ತೇನು?" ಆಗ ನಿಜವಾದ ಓಡಾಟ ಶುರು.

ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲೇ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ. ಎರಡಕ್ಕೂ ಪ್ರತಿ ಶಾಲೆಯ ಮುಖ್ಯಶಿಕ್ಷಕರ ಸಹಿ ಬೇಕು, ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಹಾಕಿಸಿಕೊಳ್ಳಿ ಎಂದರು. ಎರಡೂ ಸಿಗುತ್ತೆ ಎಂದು ನಾವು ಖುಷಿಯಲ್ಲಿದ್ದೆವು. ಊರಿನ ಪ್ರಾಥಮಿಕ ಶಾಲೆಯ ಹೆಡ್ ಮೇಡಂ ರಿಜಿಸ್ಟರ್ ತೆಗೆದು ಬೆರಳು ಓಡಿಸುತ್ತಾ ಒಂದು ಕಡೆ ನಿಂತರು. "ಮೂರನೇ ಕ್ಲಾಸ್ ಇಲ್ಲಿ ಓದಿಲ್ಲಲ್ಲವ್ವಾ ಈಕಿ."

ಮರೆತೇ ಹೋಗಿತ್ತು. ಆ ವರ್ಷ ಮಳೆ ಇಲ್ಲ, ಕಾಲುವೆಗೆ ನೀರಿಲ್ಲ, ಗಿರಣಿಗೆ ಭತ್ತವಿಲ್ಲ. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದರು, ಕಟ್ಟಡ ಕೆಲಸಕ್ಕೆ. ನನ್ನನ್ನು ಅಜ್ಜಿ ಹತ್ತಿರ ಬಿಟ್ಟು ತಂಗಿಯನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಶೆಡ್ಡಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದು ವರ್ಷ ಓದಿದ್ದಳು. ಹತ್ತರಲ್ಲಿ ಒಂಬತ್ತು ವರ್ಷ ಹಳ್ಳಿ, ಒಂದು ವರ್ಷ ಬೆಂಗಳೂರು. ಗ್ರಾಮೀಣ ಮೀಸಲಾತಿ ಹೋಯಿತು. ಬಡತನಕ್ಕೆ ಊರು ಬಿಟ್ಟದ್ದಕ್ಕೇ ಬಡವರ ಮೀಸಲಾತಿ ಕೈ ತಪ್ಪಿತಲ್ಲ ಎಂದು ನನಗೆ ಆ ದಿನ ಊಟ ಸೇರಲಿಲ್ಲ. ಅಪ್ಪ ಮಾತ್ರ, "ನಾ ಕರ್ಕೊಂಡು ಹೋಗಬಾರದಿತ್ತು" ಎಂದು ಒಂದೇ ಸಲ ಅಂದು ಗಿರಣಿಗೆ ಹೋದ.

ಕನ್ನಡ ಮಾಧ್ಯಮವಾದರೂ ಉಳಿಯಲಿ ಎಂದರೆ ಬೆಂಗಳೂರಿನ ಶಾಲೆಯಿಂದ ಆ ಒಂದು ವರ್ಷದ ಪತ್ರ ಬೇಕು. ಶಾಲೆಯ ಹೆಸರು ತಂಗಿಗೆ ನೆನಪಿರಲಿಲ್ಲ. "ಗೇಟಿನ ಹತ್ತಿರ ನುಗ್ಗೆ ಮರ ಇತ್ತು" ಎಂದಳು. ಬೆಂಗಳೂರಿನಲ್ಲಿ ಎಷ್ಟು ನುಗ್ಗೆ ಮರ ಇರಬಹುದು ಹೇಳಿ! ಕೊನೆಗೆ ಸರ್, ಶಾಲೆಯ ಸ್ಯಾಟ್ಸ್ ದಾಖಲೆಯಲ್ಲಿ (ಪ್ರತಿ ಮಗುವಿನ ಓದಿನ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆ) ಹಳೆ ಶಾಲೆ ಹುಡುಕಿಕೊಟ್ಟರು. ಮಗುವಿನ ಸ್ಯಾಟ್ಸ್ ನಂಬರ್ ಬರೆದಿಟ್ಟುಕೊಳ್ಳಿ, ಅದು ಹೀಗೆ ಉಪಯೋಗಕ್ಕೆ ಬರುತ್ತೆ. ಅಕ್ಕ ತಂಗಿ ಇಬ್ಬರೂ ರಾತ್ರಿ ಕೆಂಪು ಬಸ್ ಹತ್ತಿದೆವು. ಶಕ್ತಿ ಯೋಜನೆ ಇರುವುದರಿಂದ ಟಿಕೆಟ್ ಖರ್ಚು ಸೊನ್ನೆ. 2023ರ ಜೂನ್‌ಗೆ ಮುಂಚೆ ಆಗಿದ್ದರೆ ಈ ಪ್ರಯಾಣ ಯೋಚಿಸುತ್ತಲೂ ಇರಲಿಲ್ಲ. ಆ ಶಾಲೆಯ ಹೆಡ್ ಮಾಸ್ಟರು ಬೇಸಿಗೆ ರಜೆಯಲ್ಲೂ ದಾಖಲಾತಿ ಕೆಲಸಕ್ಕೆ ಬಂದಿದ್ದರು, ಅದು ನಮ್ಮ ಪುಣ್ಯ. ಎರಡು ತಾಸು ಹಳೆ ರಿಜಿಸ್ಟರ್ ಹುಡುಕಿದರು. ಸಿಕ್ಕಿತು. ನಮಗೆ ಚಹಾ ತರಿಸಿಕೊಟ್ಟು, "ಹೋಗಿ, ಇಂದೇ ಬಿಇಒ ಆಫೀಸಿಗೆ ಹೋಗಿ" ಎಂದರು. ಅಲ್ಲಿ ಸಂಜೆ ನಾಲ್ಕಕ್ಕೆ ಸಹಿ ಸಿಕ್ಕಿತು. ಗೇಟಿನ ಹತ್ತಿರ ನುಗ್ಗೆ ಮರ ಇರಲಿಲ್ಲ. ಕಡಿದಿದ್ದಾರೆ ಎಂದು ತಂಗಿ ಇವತ್ತಿಗೂ ವಾದ ಮಾಡುತ್ತಾಳೆ.

ಜಾತಿ-ಆದಾಯ ಪ್ರಮಾಣಪತ್ರದ ಕೆಲಸ ಅಷ್ಟು ಕಷ್ಟ ಆಗಲಿಲ್ಲ. ನಾಡಕಚೇರಿಯಲ್ಲಿ ಅರ್ಜಿ, ಊರಿನ ವಿಎ (ಗ್ರಾಮ ಲೆಕ್ಕಿಗರು) ಪರಿಶೀಲನೆ, ಆಮೇಲೆ ಆರ್‌ಐ (ಕಂದಾಯ ನಿರೀಕ್ಷಕರು), ಆಮೇಲೆ ತಹಶೀಲ್ದಾರ್. ಮೊದಲ ದಿನ "ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ". ಮರುದಿನ ಅರ್ಜಿ ಹೋಯಿತು, ಕೆಲವು ದಿನಕ್ಕೆ ಮೊಬೈಲಿಗೆ ಸಂದೇಶ ಬಂತು. ಆ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದ ನಂಬರ್ ಇರುತ್ತೆ. ಮುಂದೆ ವಿದ್ಯಾರ್ಥಿವೇತನ, ಹಾಸ್ಟೆಲ್, ಎಲ್ಲದಕ್ಕೂ ಕೇಳುವುದು ಅದನ್ನೇ. ಆದಾಯ ಪತ್ರದ ಅವಧಿ ಐದು ವರ್ಷ. ಅಂದರೆ ಒಂಬತ್ತನೇ ಕ್ಲಾಸಿನಲ್ಲೇ ಮಾಡಿಸಿದ್ದರೂ ಡಿಪ್ಲೊಮಾ ಮುಗಿಯುವ ಹತ್ತಿರದವರೆಗೆ ನಡೆಯುತ್ತಿತ್ತು. ನಾವು ಮಾಡಿಸಿದ್ದು ಎಲ್ಲರೂ ಕ್ಯೂ ನಿಲ್ಲುವ ಹೊತ್ತಿನಲ್ಲಿ.

ಕಷ್ಟ ಆದದ್ದು 371-ಜೆ ಪತ್ರಕ್ಕೆ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ ಪತ್ರಕ್ಕೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಯವರಿಗೆ ಮಾತ್ರ ಇದು. ಬೇರೆ ಕಡೆಯವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ನಮ್ಮ ಭಾಗದ ಕಾಲೇಜುಗಳಲ್ಲಿ 100ಕ್ಕೆ 70 ಸೀಟು ನಮ್ಮ ಭಾಗದ ಮಕ್ಕಳಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8. ಆದರೆ ಇಲ್ಲಿ ಹುಟ್ಟಿದ್ದೇನೆ ಎಂದು ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪತ್ರ ಬೇಕು. ಮೂರು ಸಲ ಹೋದೆ. ಒಂದು ಸಲ "ಸಾಹೇಬ್ರು ಮೀಟಿಂಗ್‌ಗೆ ಹೋಗ್ಯಾರ". ಇನ್ನೊಂದು ಸಲ ಅಪ್ಪನ ಶಾಲೆ ದಾಖಲೆ ಕೇಳಿದರು. ಅಪ್ಪ ಶಾಲೆಗೆ ಹೋಗಿದ್ದು ಎರಡನೇ ಕ್ಲಾಸಿನವರೆಗೆ. ಆ ಎರಡು ವರ್ಷದ ದಾಖಲೆಯೂ ಊರಿನ ಶಾಲೆಯಲ್ಲಿ ಸಿಕ್ಕಿತು, ಹಳದಿಯಾಗಿ, ಅಂಚು ಗೆದ್ದಲು ತಿಂದು. ಅಪ್ಪ ಅದರ ಜೆರಾಕ್ಸ್ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅದರಲ್ಲಿ ಅವನ ಹೆಸರು ಹನುಮ ಎಂದಷ್ಟೇ ಇತ್ತು! ಕಚೇರಿಯವರು ಪುಣ್ಯಕ್ಕೆ ಅದನ್ನು ದೊಡ್ಡದು ಮಾಡಲಿಲ್ಲ. ಒಟ್ಟು ಹಿಡಿದದ್ದು ಮೂರು ವಾರ.

ಈ ಮೂರು ವಾರದ ನಡುವೆಯೇ ಮೇ 2ಕ್ಕೆ ರಿಸಲ್ಟ್ ಬಂತು. ಸೈಬರ್ ಅಂಗಡಿಯಲ್ಲಿ ಸೈಟ್ ತೆರೆಯಲಿಲ್ಲ, ಕೊನೆಗೆ ಅಂಗಡಿ ಹುಡುಗನ ಮೊಬೈಲಿನಲ್ಲೇ ಬಂತು. 625ಕ್ಕೆ 489. ಗಣಿತ 88. ಸಂಜೆ ಟಿವಿಯಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ ಎಂದು ಹೇಳುತ್ತಿದ್ದರು. ನಮ್ಮ ಭಾಗವನ್ನು ಹೀಗೆ ಕೊನೆಯಲ್ಲಿ ಓದುವುದು ಪ್ರತಿ ವರ್ಷದ ಅಭ್ಯಾಸ ಆಗಿಬಿಟ್ಟಿದೆ. ಅವಳ ಕ್ಲಾಸಿನಲ್ಲಿ ಅರ್ಧದಷ್ಟು ಮಕ್ಕಳು ಮಾತ್ರ ಪಾಸಾದರು. ಪಕ್ಕದ ಮನೆ ಹುಡುಗ ಗಣಿತದಲ್ಲಿ ಹೋದ. ಅವನಪ್ಪ ಅವನನ್ನು ಮರುದಿನವೇ ಗ್ಯಾರೇಜಿಗೆ ಹಚ್ಚಲು ಹೊರಟಿದ್ದ. ಸರ್ ಮನೆಗೆ ಬಂದು, ಈ ವರ್ಷ ಮೂರು ಪರೀಕ್ಷೆ ಇದೆ, ಪರೀಕ್ಷೆ-2ಕ್ಕೆ ಕಟ್ಟಿ ಎಂದು ತಡೆದರು. ಆ ಹುಡುಗ ಪಾಸಾಗಿ ಈಗ ಐಟಿಐ ಫಿಟ್ಟರ್ ಓದುತ್ತಿದ್ದಾನೆ.

ಅಂಕ ಬಂದ ಮೇಲೆ ಮನೆಯಲ್ಲಿ ಬೇರೆ ಗಲಾಟೆ. ಸೋದರಮಾವ ಬಂದು, "ಇಷ್ಟು ಮಾರ್ಕ್ಸ್ ತಗೊಂಡು ಡಿಪ್ಲೊಮಾ ಯಾಕ? ಸೈನ್ಸ್ ಹಚ್ರಿ, ಡಾಕ್ಟರ್ ಆಗ್ಲಿ" ಎಂದ. ಅದೇ ಮಾವ ಊಟ ಆದ ಮೇಲೆ, "ಇಲ್ಲಾಂದ್ರ ಎರಡು ವರ್ಷದಾಗ ಮದುವಿ ಮಾಡ್ರಿ" ಎಂದ. ಎರಡರ ನಡುವೆ ಅವನಿಗೆ ಏನೂ ಕಾಣಲಿಲ್ಲ. ನಾನು ಲೆಕ್ಕ ಹಾಕಿದೆ. ಪಿಯುಸಿ ವಿಜ್ಞಾನ ಎಂದರೆ ಟ್ಯೂಷನ್ ಇಲ್ಲದೆ ನಡೆಯುವುದಿಲ್ಲ ಎನ್ನುವವರೇ ಎಲ್ಲ, ಆ ಹಣ ನಮ್ಮಲ್ಲಿಲ್ಲ. ಎರಡು ವರ್ಷದ ಕೊನೆಗೆ ಸೀಟ್ ಸಿಗದಿದ್ದರೆ ಕೈಯಲ್ಲಿ ಪಿಯುಸಿ ಪಾಸ್ ಪತ್ರ ಮಾತ್ರ, ನನ್ನ ಹಾಗೆ. ಡಿಪ್ಲೊಮಾ ಆದರೆ ಮೂರು ವರ್ಷಕ್ಕೆ ಕೆಲಸವೂ ಸಿಗಬಹುದು, ಇಂಜಿನಿಯರಿಂಗ್ ಬಾಗಿಲೂ ಮುಚ್ಚುವುದಿಲ್ಲ.

ಒಂದು ನಷ್ಟ ಇತ್ತು. ತಂಗಿ ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ಪಾಸಾಗಿದ್ದಳು, ವರ್ಷಕ್ಕೆ 12,000 ಬರುತ್ತಿತ್ತು. ಅದು 9ರಿಂದ 12ನೇ ತರಗತಿಗೆ ಮಾತ್ರ. ಡಿಪ್ಲೊಮಾಗೆ ಹೋದರೆ ನಿಲ್ಲುತ್ತೆ. ಎರಡು ವರ್ಷದ 24,000 ಬಿಟ್ಟಂತೆ. ಇದು ಸೇರುವ ಮುಂಚೆಯೇ ಗೊತ್ತಿರಲಿ, ಆಮೇಲೆ ಹಣ ಯಾಕೆ ಬರಲಿಲ್ಲ ಎಂದು ಬ್ಯಾಂಕಿಗೆ ಅಲೆಯಬೇಡಿ. ತೀರ್ಮಾನ ಮಾಡಿದ್ದು ಅಪ್ಪ. "ಆಕಿ ಆ ಕಬ್ಬಿಣದ ಕೈ ನೋಡಿ ಬಂದ ದಿನಾನ ಹೇಳ್ಯಾಳಲ್ಲ, ಮತ್ತೇನು ಕೇಳ್ತೀರಿ?" ಎಂದ.

ಡಿಪ್ಲೊಮಾ ಅರ್ಜಿ ತಾಂತ್ರಿಕ ಶಿಕ್ಷಣ ಇಲಾಖೆಯದು. ಪ್ರವೇಶದ ಕ್ರಮ ಪ್ರತಿ ವರ್ಷ ಸ್ವಲ್ಪ ಬದಲಾಗುತ್ತೆ, ಹಾಗಾಗಿ ನನ್ನ ಮಾತನ್ನೇ ನಂಬಬೇಡಿ. ಹತ್ತಿರದ ಸರ್ಕಾರಿ ಪಾಲಿಟೆಕ್ನಿಕ್‌ಗೆ ಒಮ್ಮೆ ನೇರವಾಗಿ ಹೋಗಿ ಕೇಳಿ. ಸೈಬರ್‌ನವರು ಫಾರಂ ತುಂಬುತ್ತಾರೆ ನಿಜ, ಆದರೆ ಅವರಿಗೆ ನಿಮ್ಮ ಮೀಸಲಾತಿ ಗೊತ್ತಿರುವುದಿಲ್ಲ. ನಮ್ಮ ಅರ್ಜಿಯಲ್ಲಿ ಕನ್ನಡ ಮಾಧ್ಯಮದ ಮುಂದೆ "ಇಲ್ಲ" ಎಂದು ಒತ್ತಿಬಿಟ್ಟಿದ್ದ. ನಾನು ನೋಡದೆ ಇದ್ದಿದ್ದರೆ ಬೆಂಗಳೂರಿನ ಎರಡು ರಾತ್ರಿ ನೀರು ಪಾಲು. ಸಲ್ಲಿಸುವ ಮುಂಚೆ ಪರದೆಯನ್ನು ನಿಮ್ಮ ಕಡೆ ತಿರುಗಿಸಿ ಓದಿ. ಅವನು ಗೊಣಗಿದರೆ ಗೊಣಗಲಿ.

ದಾಖಲೆ ಪರಿಶೀಲನೆಯ ದಿನ ಎಲ್ಲ ಕಾಗದ ಕ್ರಮವಾಗಿ ಜೋಡಿಸಿಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದವರು ಅಂಕಪಟ್ಟಿ ಒಂದು ಕೈಯಲ್ಲಿ, ಜಾತಿ ಪತ್ರ ಇನ್ನೊಂದು ಕೈಯಲ್ಲಿ ಹಿಡಿದು, "ಇವರಿಬ್ರೂ ಯಾರು?" ಎಂದರು. ಹನುಮಂತಪ್ಪ ಮತ್ತು ಹನುಮಪ್ಪ. ನನ್ನ ಹೊಟ್ಟೆಯಲ್ಲಿ ತಣ್ಣಗಾಯಿತು. ಪಕ್ಕದಲ್ಲಿ ನಿಂತ ಅಪ್ಪ, "ಇಬ್ರೂ ನಾನ ರೀ" ಎಂದ. ಕ್ಯೂನಲ್ಲಿದ್ದವರು ನಕ್ಕರು, ನನಗೆ ಅಳು ಬಂತು. ಎರಡು ದಿನ ಸಮಯ ಕೊಟ್ಟರು. ಮರುದಿನ ನೋಟರಿ ಹತ್ತಿರ ಛಾಪಾ ಕಾಗದದ ಮೇಲೆ ಅಫಿಡವಿಟ್, ಎರಡೂ ಹೆಸರು ಒಬ್ಬನದೇ ಎಂದು. 350 ರೂಪಾಯಿ. ಅಪ್ಪ ಹೆಬ್ಬೆಟ್ಟು ಒತ್ತಿದ. ಮೂಟೆ ಹೊತ್ತು ಹೊತ್ತು ಬೆರಳಿನ ಗೆರೆಯೇ ಸವೆದಿದೆ, ಕಾಗದದ ಮೇಲೆ ಬರೀ ನೀಲಿ ಚುಕ್ಕೆ ಮೂಡಿತು. ನೋಟರಿ ಮೂರು ಸಲ ಒತ್ತಿಸಿದರು. ಅದರ ಮರುದಿನ ಕೌಂಟರಿನಲ್ಲಿ ಒಪ್ಪಿಕೊಂಡರು.

ಎಲ್ಲರ ಹಾಗೆ ತಂಗಿಗೂ ಕಂಪ್ಯೂಟರ್ ಸೈನ್ಸ್ ಬೇಕಿತ್ತು. ಸಿಕ್ಕಿದ್ದು ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್. ಒಂದು ದಿನ ಮುಖ ಊದಿಸಿಕೊಂಡು ಕೂತಿದ್ದಳು. ನನ್ನ ಅಭಿಪ್ರಾಯ ಬೇರೆ. ನಮ್ಮ ಕಡೆ ಅಕ್ಕಿ ಗಿರಣಿ ಇವೆ, ಸ್ಟೀಲ್ ಕಾರ್ಖಾನೆ ಇವೆ, ರಾಯಚೂರು ಕಡೆ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇದೆ, ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿವೆ. ಎಲ್ಲ ಕಡೆ ಮೋಟರ್ ಮತ್ತು ಪ್ಯಾನೆಲ್ ಬೋರ್ಡ್. ಬ್ರಾಂಚ್ ಆರಿಸುವಾಗ ಟಿವಿ ನೋಡುವುದಕ್ಕಿಂತ ಊರಿನ ಸುತ್ತ ಒಂದು ಸುತ್ತು ಹಾಕುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತೆ. ಅಪ್ಪನ ಗಿರಣಿಯ ಮೋಟರ್ ಸುಟ್ಟರೆ ರಿಪೇರಿಯವನಿಗಾಗಿ ಎರಡು ದಿನ ಕಾಯುತ್ತಾರೆ, ಆ ಎರಡು ದಿನ ಹಮಾಲರಿಗೆ ಕೂಲಿ ಇಲ್ಲ.

ಪ್ರವೇಶದ ದಿನ ಕಟ್ಟಿದ್ದು 4,800 ರೂಪಾಯಿ. ವರ್ಗ, ಆದಾಯ ನೋಡಿ ನಿಮ್ಮದು ಬೇರೆ ಇರಬಹುದು. ಅವ್ವ ಗೃಹಲಕ್ಷ್ಮಿ ಹಣದಲ್ಲಿ ಎರಡು ತಿಂಗಳಿನದು ಮುಟ್ಟದೆ ಇಟ್ಟಿದ್ದಳು, ಉಳಿದದ್ದು ಸಂಘದ ಸಾಲ. ವಿದ್ಯಾರ್ಥಿವೇತನ ಬರುತ್ತೆ, ಆಗ ಕಟ್ಟಿದರಾಯ್ತು ಎಂದು ಕೂರಬೇಡಿ. ಅದು ಬರುವುದು ತಿಂಗಳುಗಳ ಮೇಲೆ. ಮೊದಲ ಖರ್ಚಿಗೆ ಕೈಯಲ್ಲಿ ದುಡ್ಡು ಇರಲೇಬೇಕು.

ಹಿಂದುಳಿದ ವರ್ಗಗಳ ಹಾಸ್ಟೆಲ್ ಅರ್ಜಿ ಬೇರೆ, ಅದರ ಪಟ್ಟಿ ಬರುವುದು ಕಾಲೇಜು ಶುರುವಾದ ಮೇಲೆ. ಸುಮಾರು ಎರಡು ತಿಂಗಳು ತಂಗಿ ಊರಿಂದಲೇ ಓಡಾಡಿದಳು. ಬೆಳಗಿನ ಆರೂವರೆ ಬಸ್ಸು, ರಾತ್ರಿ ಏಳಕ್ಕೆ ಮನೆ. ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಸೀಟೂ ಇಲ್ಲ. ನಿಂತು ಹೋಗಿ ನಿಂತು ಬಂದು ಮೈ ಇಳಿದು ಹೋಯಿತು. ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಎಂಬ ಯೋಜನೆ ಇದೆ, ಊಟ-ವಸತಿಗೆಂದು ಹತ್ತು ತಿಂಗಳು ಹಣ ಕೊಡುತ್ತಾರೆ. ನಮಗೆ ಎರಡನೇ ಪಟ್ಟಿಯಲ್ಲಿ ಹಾಸ್ಟೆಲ್ ಸಿಕ್ಕಿತು.

ಬಸ್ಸಿಗಿಂತ ಜಾಸ್ತಿ ಕಾಡಿದ್ದು ಇಂಗ್ಲಿಷ್. ಮೊದಲ ವಾರ ಬಂದು, "ಅಕ್ಕಾ, ನನಗೆ ಏನೂ ಬರಂಗಿಲ್ಲ, ನಾ ದಡ್ಡಿ" ಎಂದು ಅತ್ತಳು. ಓಮ್‌ನ ನಿಯಮ ಅವಳಿಗೆ ಬಾಯಿಪಾಠ. ಆದರೆ ಹತ್ತನೆಯಲ್ಲಿ ಅದು ರೋಧ, ವಿಭವಾಂತರ. ಇಲ್ಲಿ ರೆಸಿಸ್ಟೆನ್ಸ್, ಪೊಟೆನ್ಷಿಯಲ್ ಡಿಫರೆನ್ಸ್. ಗೊತ್ತಿರುವ ಮನುಷ್ಯನೇ ಹೊಸ ಅಂಗಿ ಹಾಕಿಕೊಂಡು ಬಂದರೆ ಗುರುತು ಸಿಗದ ಹಾಗೆ. ಗಣಿತದ ಸರ್‌ಗೆ ಫೋನ್ ಮಾಡಿದೆ. ಅವರು ಹೇಳಿದ ಉಪಾಯ ಸುಲಭದ್ದು. ಹತ್ತನೇ ಕ್ಲಾಸಿನ ವಿಜ್ಞಾನ ಮತ್ತು ಗಣಿತ ಪುಸ್ತಕ ಕನ್ನಡದ್ದು ಒಂದು, ಇಂಗ್ಲಿಷಿನದು ಒಂದು. ಎರಡರಲ್ಲೂ ಇರುವುದು ಒಂದೇ ಪಾಠ. ಅಕ್ಕಪಕ್ಕ ಇಟ್ಟುಕೊಂಡು ನೋಟ್‌ಬುಕ್ಕಿನ ಮಧ್ಯೆ ಗೆರೆ ಎಳೆದು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಪದ ಬರೆಯುವುದು. ವರ್ಗ ಸಮೀಕರಣ, ಕ್ವಾಡ್ರಾಟಿಕ್ ಈಕ್ವೇಷನ್. ವಿದ್ಯುತ್ ಪ್ರವಾಹ, ಎಲೆಕ್ಟ್ರಿಕ್ ಕರೆಂಟ್. ಬಸ್ಸಿನಲ್ಲಿ ನಿಂತುಕೊಂಡೇ ದಿನಕ್ಕೆ ಇಪ್ಪತ್ತು ಪದ ಓದಿದಳು. ಎರಡು ತಿಂಗಳಿಗೆ ಅಳು ನಿಂತಿತು. ಪರೀಕ್ಷೆ ಮುಗಿದು ರಿಸಲ್ಟ್ ಬರುವವರೆಗಿನ ರಜೆಯಲ್ಲೇ ಇದನ್ನು ಮಾಡಿಸಬಹುದಿತ್ತು. ನಾವು ಆ ರಜೆಯಲ್ಲಿ ನುಗ್ಗೆ ಮರ ಹುಡುಕುತ್ತಿದ್ದೆವು.

ಇನ್ನು ವಿದ್ಯಾರ್ಥಿವೇತನ. ರಾಜ್ಯದ್ದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಹಣ ಬರುವುದು ಆಧಾರ್ ಮೂಲಕ, ಹಾಗಾಗಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಆಧಾರ್ ಮೂಲಕ ಬರುವ ಹಣ ಇದೇ ಖಾತೆಗೆ ಬರಲಿ ಎಂದು ಬ್ಯಾಂಕು ದಾಖಲಿಸಿರಬೇಕು. "ಲಿಂಕ್ ಆಗೈತಿ" ಎಂದು ಕೌಂಟರಿನಲ್ಲಿ ಹೇಳಿದರೆ ಎದ್ದು ಬರಬೇಡಿ, ಮ್ಯಾಪಿಂಗ್ ಆಗಿದೆಯಾ ಎಂದೇ ಕೇಳಿ. ನಮಗೆ ಅಲ್ಲಿ ಇನ್ನೊಂದು ಎಡವಟ್ಟು. ಖಾತೆ ಮಾಡಿಸುವಾಗ ತಂಗಿಯ ಬೆರಳಚ್ಚು ಯಂತ್ರ ಒಪ್ಪಲಿಲ್ಲ. ಮಕ್ಕಳ ಆಧಾರ್‌ಗೆ 5 ವರ್ಷಕ್ಕೆ ಒಮ್ಮೆ, 15 ವರ್ಷಕ್ಕೆ ಇನ್ನೊಮ್ಮೆ ಬೆರಳಚ್ಚು, ಕಣ್ಣು ಹೊಸದಾಗಿ ಕೊಡಿಸಬೇಕಂತೆ. ಆ ವಯಸ್ಸಿನಲ್ಲಿ ಕೊಡಿಸಿದರೆ ದುಡ್ಡೂ ಇಲ್ಲ. ನಾವು ಕೊಡಿಸಿರಲಿಲ್ಲ. ಬೆಳಗಿನ ಆರಕ್ಕೆ ಟೋಕನ್ ಕ್ಯೂ, ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯಿತು.

ಹುಡುಗಿಯರಿಗೆ ಎಐಸಿಟಿಇ ಎಂಬ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿಯ ಪ್ರಗತಿ ವಿದ್ಯಾರ್ಥಿವೇತನವೂ ಇದೆ. ವರ್ಷಕ್ಕೆ 50,000. ಡಿಪ್ಲೊಮಾ ಮೊದಲ ವರ್ಷ ಸೇರಿದ ಹುಡುಗಿಯರು, ಮನೆಯ ಆದಾಯ 8 ಲಕ್ಷದೊಳಗೆ, ಒಂದು ಮನೆಯಿಂದ ಇಬ್ಬರವರೆಗೆ. ಅರ್ಜಿ ಹಾಕಬೇಕಾದದ್ದು ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ. ಇದನ್ನು ನಮಗೆ ಹೇಳಿದ್ದು ಹಾಸ್ಟೆಲಿನ ಸೀನಿಯರ್ ಹುಡುಗಿ. ಇದು ಸಿಕ್ಕರೆ ಇನ್ನೊಂದು ವಿದ್ಯಾರ್ಥಿವೇತನ ಜೊತೆಗೆ ಪಡೆಯುವಂತಿಲ್ಲ, ಆದ್ದರಿಂದ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಕೂತು ಮಾತಾಡಿ ಹಾಕಿ. ನಾವು ಹಾಕಿದ್ದೇವೆ. ಕಾಯುತ್ತಿದ್ದೇವೆ.

ರಾತ್ರಿ ತಂಗಿ ಮಲಗಿದ ಮೇಲೆ ಕೂತು ಲೆಕ್ಕ ಮಾಡಿದೆ. ಫೀಸು 4,800. ಜೆರಾಕ್ಸ್, ಸೈಬರ್, ಫೋಟೊ ಎಲ್ಲ ಸೇರಿ 1,400. ಅಫಿಡವಿಟ್ 350. ಬೆಂಗಳೂರಿನಲ್ಲಿ ಊಟ, ಆಟೊ 600. ಸೀನಿಯರ್‌ನಿಂದ ಕೊಂಡ ಡ್ರಾಯಿಂಗ್ ಗೆರೆ ಎಳೆಯುವ ಹಳೆ ಮಿನಿ ಡ್ರಾಫ್ಟರ್ 400, ಹೊಸದಕ್ಕೆ ಹೋಗಬೇಡಿ. ಶೂ 700. ಹಾಸ್ಟೆಲಿಗೆ ಟ್ರಂಕು, ಚಾಪೆ, ತಟ್ಟೆ 1,900. ನಾನು ರಜೆ ಹಾಕಿದ್ದು 14 ದಿನ, 300ರಂತೆ 4,200. ಒಟ್ಟು 14,350. ಅಪ್ಪ ಗಿರಣಿಗೆ ಹೋಗದ ದಿನಗಳನ್ನು ಇದರಲ್ಲಿ ಹಿಡಿದಿಲ್ಲ, ಅವನು ಹೇಳಲೂ ಇಲ್ಲ.

ತಂಗಿ ಸೋಮವಾರ ಬೆಳಿಗ್ಗೆ ಹೊರಡುವ ಮುಂಚೆ ಅಡುಗೆಮನೆಯ ಸ್ವಿಚ್ ಬೋರ್ಡ್ ಬಿಚ್ಚಿದಳು. ಒಂದು ವರ್ಷದಿಂದ ಕಿಡಿ ಹಾರುತ್ತಿತ್ತು. ಮೇನ್ ಆಫ್ ಮಾಡಿದೆಯಾ ಎಂದು ಅಪ್ಪ ಹೊರಗಿನಿಂದ ನಾಲ್ಕು ಸಲ ಕೂಗಿದ. ಸಡಿಲಾಗಿದ್ದ ತಂತಿ ಬಿಗಿ ಮಾಡಿ, ಕೈ ಒರೆಸಿಕೊಂಡು ಬಸ್ಸಿಗೆ ಓಡಿದಳು.

ತಮ್ಮ ಈಗ ಎಂಟನೇ ಕ್ಲಾಸು. ಶಾಲೆ ದಾಖಲೆಯಲ್ಲಿ ಅಪ್ಪನ ಹೆಸರು ಹೇಗಿದೆ ಎಂದು ಕೇಳಿದೆ. ಓಡಿ ಹೋಗಿ ಪ್ರಗತಿ ಪತ್ರ ತಂದ. ಹನುಮಂತಪ್ಪ. ಕೆಂಪು ಫೈಲಿನ ಪಕ್ಕದಲ್ಲಿಡಲು ಒಂದು ನೀಲಿ ಫೈಲ್ ತಂದಿದ್ದೇನೆ. ಈ ಗುರುವಾರ ಅಂಗಡಿಗೆ ರಜೆ ಹೇಳಬೇಕು.